ಬ್ಯಾಕ್ ಬೆಂಚೇ ಇಲ್ಲದ ಕಾಲೇಜು: ನಾಲ್ಕು ವರ್ಷ ಓದಿದವಳ ರಿವ್ಯೂ

ಕಾಲೇಜಿನ ಹೆಸರು ಬರೆಯುವುದಿಲ್ಲ. ಬರೆದರೆ ಇದು ಯಾರ ಕೆಲಸ ಅಂತ ಅಲ್ಲಿನವರಿಗೆ ತಕ್ಷಣ ಗೊತ್ತಾಗುತ್ತದೆ. 2016ರಿಂದ 2020ರವರೆಗೆ ಆ ಇಡೀ ಕ್ಯಾಂಪಸ್ಸಿನಲ್ಲಿ ಕನ್ನಡ ಬರುತ್ತಿದ್ದದ್ದು ನನಗೊಬ್ಬಳಿಗೇ. ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ಊರು, ಸುತ್ತಲೂ ಕಣ್ಣು ಹಾಯುವವರೆಗೆ ಮುಸುಕಿನ ಜೋಳ ಮತ್ತು ಸೋಯಾ, ವಿದ್ಯಾರ್ಥಿಗಳು ಸಾವಿರದ ಚಿಲ್ಲರೆ. ಅಷ್ಟೇ ಹೇಳುತ್ತೇನೆ. ಹಾಸನದಲ್ಲಿ ನಾನು ಪಿಯುಸಿ ಓದಿದ ಕಾಲೇಜಿನಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದರು. ಇಂಥ ಕಾಲೇಜುಗಳು ಆ ರಾಜ್ಯದಲ್ಲಿ ಬೇಕಾದಷ್ಟಿವೆ, ಊಹೆ ಮಾಡಿ ಸುಸ್ತಾಗಬೇಡಿ.

ಬರೆಯೋಕೆ ಕಾರಣ ನಮ್ಮ ನೆಂಟರು. ಪ್ರತಿ ವರ್ಷ ಪಿಯುಸಿ ರಿಸಲ್ಟ್ ಬಂದ ವಾರ ಯಾರಾದರೊಬ್ಬರು ಫೋನ್ ಮಾಡುತ್ತಾರೆ, 'ನಮ್ಮ ಹುಡುಗ ಅಮೆರಿಕಾ ಅಮೆರಿಕಾ ಅಂತ ಕೂತಿದ್ದಾನೆ, ನೀನು ಹೋಗಿದ್ದೆಯಲ್ಲ, ಹೇಗಿದೆ ಅದು?' ಅಂತ. ಎರಡನೇ ಪ್ರಶ್ನೆ ಎಲ್ಲರದ್ದೂ ಒಂದೇ. ದೊಡ್ಡಪ್ಪ ಮಾತ್ರ ಅದನ್ನು ಮುಖಕ್ಕೇ ಕೇಳಿದ್ದರು: 'ಅಷ್ಟು ದೂರ ಹೋಗಿ ಬರೀ ಕಾಲೇಜಿಗೆ ಯಾಕಮ್ಮ ಸೇರಿದೆ? ಯೂನಿವರ್ಸಿಟಿ ಸಿಗಲಿಲ್ವಾ?' ಲಿಬರಲ್ ಆರ್ಟ್ಸ್ ಕಾಲೇಜು (ಒಂದೇ ವಿಷಯಕ್ಕೆ ಕಟ್ಟುಬೀಳದೆ ಕಲೆ, ವಿಜ್ಞಾನ ಎಲ್ಲ ಓದಿಸೋ ಡಿಗ್ರಿ ಕಾಲೇಜು) ಅಂದಾಗ ಇನ್ನೂ ಕಷ್ಟ. ನಮ್ಮ ಕಡೆ 'ಆರ್ಟ್ಸ್' ಅನ್ನೋ ಪದ ಕಿವಿಗೆ ಬಿದ್ದರೆ ಸಾಕು, ಪಾಪ ಮಾರ್ಕ್ಸ್ ಬಂದಿಲ್ಲ ಅಂತ ಕಾಣುತ್ತೆ ಅನ್ನೋ ಮುಖ ಮಾಡುತ್ತಾರೆ. ಅಮ್ಮ ಅಂತೂ ಮೊದಲ ವರ್ಷ ಎಲ್ಲರಿಗೂ 'ಎಕನಾಮಿಕ್ಸ್ ಓದ್ತಿದ್ದಾಳೆ' ಅಂತ ಮಾತ್ರ ಹೇಳಿ ಮುಗಿಸುತ್ತಿದ್ದಳು.

ಮೊದಲು ಆ ಅನುಮಾನ ಮುಗಿಸಿಬಿಡೋಣ. ಇಂಥ ಕಾಲೇಜುಗಳಲ್ಲಿ ಡಿಗ್ರಿ ಮಾತ್ರ ಇರುತ್ತದೆ. ಎಂ.ಎ., ಪಿಎಚ್‌ಡಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಪ್ರೊಫೆಸರುಗಳ ಬದಲು ಪಿಎಚ್‌ಡಿ ಹುಡುಗರು ಬಂದು ಪಾಠ ಮಾಡುವ, ಪೇಪರ್ ತಿದ್ದುವ ವ್ಯವಸ್ಥೆಯೂ ಇಲ್ಲ. ಪಾಠ ಮಾಡೋದೇ ಅಲ್ಲಿನ ಮೇಷ್ಟ್ರುಗಳ ಮುಖ್ಯ ಕೆಲಸ. ಅಯೋವಾದಲ್ಲೇ ಗ್ರಿನ್ನೆಲ್ ಅಂತ ಒಂದು ಕಾಲೇಜಿದೆ, 1846ರಲ್ಲಿ ಶುರುವಾದದ್ದು. ಇಂಟೆಲ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ ಅಲ್ಲಿ ಓದಿದವರು. ಈ ನಾಯ್ಸ್ 1948ರಲ್ಲಿ ಹಾಸ್ಟೆಲ್ ಪಾರ್ಟಿಗೆ ಅಂತ ಪಕ್ಕದ ರೈತನ ಹಂದಿ ಕದ್ದು ಸಿಕ್ಕಿಬಿದ್ದು ಒಂದು ಸೆಮಿಸ್ಟರ್ ಸಸ್ಪೆಂಡ್ ಆಗಿದ್ದರು. ಜೈಲಿಗೆ ಹೋಗಬೇಕಾದವನ ಪರವಾಗಿ ನಿಂತು ಮಾತಾಡಿದ್ದು ಫಿಸಿಕ್ಸ್ ಮೇಷ್ಟ್ರು ಗ್ರಾಂಟ್ ಗೇಲ್. ಅದೇ ಗೇಲ್ ಆಮೇಲೆ ಆ ಹುಡುಗನಿಗೆ ಆಗಷ್ಟೇ ಹುಟ್ಟಿದ್ದ ಟ್ರಾನ್ಸಿಸ್ಟರ್ ಬಗ್ಗೆ ಪಾಠ ಮಾಡಿದರು. ನಮ್ಮವರಿಗೆ ಹೇಳೋದಾದರೆ, ಮೈಸೂರಿನ ಎ.ಕೆ. ರಾಮಾನುಜನ್ ಶಿಕಾಗೋದಲ್ಲಿ ಇದ್ದಾಗ ನಡುನಡುವೆ ಹೋಗಿ ಪಾಠ ಮಾಡಿದ ಜಾಗಗಳಲ್ಲಿ ಮಿನೆಸೋಟಾದ ಕಾರ್ಲ್‌ಟನ್ ಕಾಲೇಜೂ ಒಂದು. ಅದೂ ಇದೇ ಜಾತಿಯದು. ದೊಡ್ಡಪ್ಪನಿಗೆ ಇದನ್ನು ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯಿತು.

ಈಗ ಪಾಠದ ವಿಷಯ. ಮೊದಲ ದಿನ ಕ್ಲಾಸಿಗೆ ಹೋದೆ. ಒಂದು ಉದ್ದನೆಯ ಮೊಟ್ಟೆ ಆಕಾರದ ಮೇಜು, ಸುತ್ತ ಹದಿನಾಲ್ಕು ಕುರ್ಚಿ. ಹದಿಮೂರು ನಮಗೆ, ಒಂದು ಪ್ರೊಫೆಸರಿಗೆ. ನಾನು ಅಭ್ಯಾಸಬಲದಿಂದ ಹಿಂದೆ ಎಲ್ಲಿ ಕೂರೋದು ಅಂತ ಹುಡುಕಿದೆ. ಹಿಂದೆ ಅನ್ನೋದೇ ಇರಲಿಲ್ಲ! ಪಿಯುಸಿಯಲ್ಲಿ ನಾನು ನಾಲ್ಕನೇ ಬೆಂಚಿನ ಗೋಡೆ ಪಕ್ಕದವಳು. ಎರಡು ವರ್ಷದಲ್ಲಿ ಕ್ಲಾಸಿನಲ್ಲಿ ಬಾಯಿ ತೆರೆದದ್ದು 'ಪ್ರೆಸೆಂಟ್ ಮಿಸ್' ಅನ್ನೋಕೆ ಮಾತ್ರ. ಇಲ್ಲಿ ಮಾತಾಡೋದಕ್ಕೇ ಮಾರ್ಕ್ಸ್ ಇತ್ತು. ಆ ಕೋರ್ಸಿನಲ್ಲಿ ನೂರಕ್ಕೆ ಇಪ್ಪತ್ತು. ಮೊದಲ ಮೂರು ವಾರ ನಾನು ಬಾಯಿ ಬಿಡಲಿಲ್ಲ, ನಾಲ್ಕನೇ ವಾರ ಪ್ರೊಫೆಸರ್ ಮೇಲ್ ಕಳಿಸಿ ಆಫೀಸಿಗೆ ಕರೆದರು. ಬೈಯುತ್ತಾರೆ ಅಂದುಕೊಂಡೆ. ಟೀ ಕೊಟ್ಟು, 'ನಾಳೆಯ ಕ್ಲಾಸಿಗೆ ನಾನು ಕೇಳೋ ಮೊದಲ ಪ್ರಶ್ನೆ ಇದು, ಇವತ್ತೇ ಹೇಳಿಬಿಡುತ್ತೇನೆ, ರಾತ್ರಿ ಯೋಚನೆ ಮಾಡಿಕೊಂಡು ಬಾ' ಅಂದರು. ಅವರನ್ನು ಹೆಸರಿಡಿದು ಕರೆಯಬೇಕಂತೆ. ಅರವತ್ತು ವರ್ಷದ ಹೆಂಗಸನ್ನು ಹೆಸರಿಡಿದು ಕರೆಯೋದು ನನ್ನ ಕೈಲಿ ಆಗಲಿಲ್ಲ. ಒಂದಿಡೀ ಸೆಮಿಸ್ಟರ್ ಯಾವ ಸಂಬೋಧನೆಯೂ ಇಲ್ಲದೆ ಬರೀ 'ಹಲೋ' ಅಂತ ಮೇಲ್ ಬರೆದು, ಆಮೇಲೆ 'ಪ್ರೊಫೆಸರ್' ಅನ್ನೋದಕ್ಕೆ ಇಬ್ಬರೂ ರಾಜಿಯಾದೆವು.

ಮೊದಲ ಪ್ರಬಂಧ ವಾಪಸ್ ಬಂದಾಗಿನ ಕಥೆ ಹೇಳಲೇಬೇಕು. ನಾನು ನಮ್ಮ ಗೈಡ್ ಪುಸ್ತಕದ ಸ್ಟೈಲಿನಲ್ಲಿ ಪೀಠಿಕೆ, ವಿಷಯ ವಿಸ್ತಾರ, ಉಪಸಂಹಾರ ಅಂತ ಐದು ಪುಟ ತುಂಬಿಸಿದ್ದೆ. ಪ್ರತಿ ಪ್ಯಾರಾದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಎರಡೇ ಪದ: 'ಸೋ ವಾಟ್?' ಐದು ಪುಟಕ್ಕೆ ಹನ್ನೊಂದು ಸಲ. ಕೊನೆಯಲ್ಲಿ ಮಾತ್ರ ಮುಕ್ಕಾಲು ಪುಟ ಕೈಬರಹದಲ್ಲಿ ಬರೆದಿದ್ದರು: ಮೂರನೇ ಪುಟದ ನಡುವೆ ನಿಮ್ಮಜ್ಜಿ ಸೊಸೈಟಿ ಅಕ್ಕಿಗೆ ಕ್ಯೂ ನಿಲ್ಲೋದರ ಬಗ್ಗೆ ನೀನು ಹಾಕಿದ ಒಂದು ಸಾಲಿದೆ, ಅದು ನಿನ್ನದು, ಮಿಕ್ಕಿದ್ದೆಲ್ಲ ಯಾರು ಬೇಕಾದರೂ ಬರೆಯಬಹುದು, ಆ ಸಾಲಿನಿಂದ ಮತ್ತೆ ಶುರು ಮಾಡು ಅಂತ. ರೂಮಿಗೆ ಬಂದು ಅತ್ತಿದ್ದೆ. ಆಮೇಲೆ ಮತ್ತೆ ಬರೆದೆ. ಈಗಲೂ ಆಫೀಸಿನಲ್ಲಿ ಒಂದು ರಿಪೋರ್ಟ್ ಬರೆದು ಮುಗಿಸಿದರೆ ಪಕ್ಕದಲ್ಲಿ ಆ ಪೆನ್ಸಿಲ್ ಗೀಚು ಕಾಣುತ್ತದೆ.

ಎಕನಾಮಿಕ್ಸ್ ಓದೋಕೆ ಹೋದವಳು ಸೈನ್ಸ್‌ನಲ್ಲೂ ಒಂದೆರಡು ಕೋರ್ಸ್ ಮಾಡಬೇಕು ಅನ್ನೋ ನಿಯಮ ಇತ್ತು. ಇದು ಎಲ್ಲ ಕಡೆ ಒಂದೇ ತರ ಇಲ್ಲ. ಗ್ರಿನ್ನೆಲ್‌ನಲ್ಲಿ ಮೊದಲ ಸೆಮಿಸ್ಟರಿನ ಒಂದು ಟ್ಯುಟೋರಿಯಲ್ ಬಿಟ್ಟರೆ ಮೇಜರ್ (ಮುಖ್ಯ ವಿಷಯ) ಹೊರಗೆ ಕಡ್ಡಾಯ ಅನ್ನೋದೇ ಇಲ್ಲ. ನಾನು ಸುಲಭ ಇರಬಹುದು ಅಂತ ಜಿಯಾಲಜಿ ತಗೊಂಡೆ. ಸುಲಭ ಏನೂ ಇರಲಿಲ್ಲ. ಒಂದು ಶನಿವಾರ ವ್ಯಾನಿನಲ್ಲಿ ಕೋರಲ್‌ವಿಲ್ ಡ್ಯಾಮ್ ಹತ್ತಿರ ಕರೆದುಕೊಂಡು ಹೋದರು. 1993ರ ದೊಡ್ಡ ಪ್ರವಾಹದಲ್ಲಿ ಅಣೆಕಟ್ಟಿನ ಕೋಡಿ ಹರಿದು ಮಣ್ಣೆಲ್ಲ ಕೊಚ್ಚಿಹೋಗಿ, ಅಡಿಯಿಂದ 37.5 ಕೋಟಿ ವರ್ಷ ಹಳೆಯ ಸಮುದ್ರದ ತಳ ಮೇಲೆ ಬಂದಿದೆ. ಬಂಡೆ ತುಂಬಾ ಹವಳ, ಚಿಪ್ಪು. ಸುತ್ತ ನೂರಾರು ಮೈಲಿ ಸಮುದ್ರ ಇಲ್ಲದ ಊರಿನಲ್ಲಿ! ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಪ್ರೊಫೆಸರ್ ಪಕ್ಕಕ್ಕೆ ಬಂದು, ನಿಮ್ಮೂರು ಹಾಸನ ಅಲ್ಲವಾ ಅಂದರು. ಹೌದು ಅಂದೆ. 'ಗೊರೂರು ಎಷ್ಟು ದೂರ?' ಅಂದರು.

ಅಯೋವಾದ ಆ ಮನುಷ್ಯನ ಬಾಯಲ್ಲಿ ಗೊರೂರು! ಉಚ್ಚಾರ ಏನೋ 'ಗೋರರ್' ಅಂತಿತ್ತು, ಆದರೆ ಅದೇ ಊರು. ಹೇಮಾವತಿ ಡ್ಯಾಮ್ ನೋಡೋಕೆ ಅಂತ ನಾವು ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತಿದ್ದ ಊರು. ಅಲ್ಲಿನ ಕಲ್ಲಿಗೆ ಗೊರೂರು ನೈಸ್ (ನೈಸ್ ಅಂದರೆ ಪಟ್ಟೆ ಪಟ್ಟೆಯಾಗಿರೋ ಒಂದು ಜಾತಿಯ ಕಲ್ಲು) ಅಂತಲೇ ಹೆಸರಿದೆಯಂತೆ, ಸುಮಾರು 330 ಕೋಟಿ ವರ್ಷದ್ದು, ಇಂಡಿಯಾದ ತುಂಬಾ ಹಳೆಯ ಬಂಡೆಗಳಲ್ಲಿ ಒಂದು. 'ನೀನು ಇಲ್ಲಿ ನೋಡುತ್ತಿರೋದು ಮೊನ್ನೆ ಮೊನ್ನೆಯದು, ನಿಮ್ಮೂರಿನದು ಇದರ ಮುತ್ತಜ್ಜ' ಅಂದರು. ನನ್ನ ಊರಿನ ಹೆಸರು ಫಾರ್ಮಿನಲ್ಲಿ ನೋಡಿ, ಮನೆಗೆ ಹೋಗಿ ಹುಡುಕಿ ಓದಿಕೊಂಡು ಬಂದಿದ್ದರು ಆ ಪುಣ್ಯಾತ್ಮ. ಆ ಕ್ಲಾಸಿನಲ್ಲಿ ಇದ್ದದ್ದು ಹದಿನೆಂಟು ಜನ. ನೂರಾ ಎಂಬತ್ತು ಜನ ಇದ್ದಿದ್ದರೆ ಮಾಡುತ್ತಿದ್ದರಾ? ಸಾಧ್ಯವೇ ಇಲ್ಲ. ಈ ಕಾಲೇಜುಗಳು ಮಾರುವ ವಸ್ತು ಇದೇ. ಲೈಬ್ರರಿ, ಜಿಮ್, ಕೆಂಪು ಇಟ್ಟಿಗೆಯ ಕಟ್ಟಡ ಎಲ್ಲ ಕಡೆ ಸಿಗುತ್ತೆ.

ಹಾಗಂತ ಎಲ್ಲ ಚೆನ್ನಾಗಿತ್ತು ಅಂತಲ್ಲ. ಸಣ್ಣದಾಗಿರೋದರ ಇನ್ನೊಂದು ಮುಖವನ್ನು ಬ್ರೋಷರಿನಲ್ಲಿ ಹಾಕೋದಿಲ್ಲ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಇದ್ದದ್ದು ಐದು ಜನ. ಅದರಲ್ಲಿ ಒಬ್ಬರು ಒಂದು ವರ್ಷ ಸಬ್ಬಾಟಿಕಲ್ ರಜೆ, ಇನ್ನೊಬ್ಬರು ಬೇರೆ ಕಡೆ ಕೆಲಸ ಸಿಕ್ಕಿ ಹೋದರು. ನನಗೆ ಬೇಕೇ ಬೇಕಾಗಿದ್ದ ಇಕನೊಮೆಟ್ರಿಕ್ಸ್‌ನ (ಎಕನಾಮಿಕ್ಸ್‌ಗೆ ಸ್ಟಾಟಿಸ್ಟಿಕ್ಸ್ ಬಳಸೋದು) ಎರಡನೇ ಕೋರ್ಸ್ ಎರಡು ವರ್ಷ ನಡೆಯಲೇ ಇಲ್ಲ. ಕೆಟಲಾಗಿನಲ್ಲಿ ಮಾತ್ರ ಇತ್ತು. ಕೆಟಲಾಗು ಅನ್ನೋದು ಹೋಟೆಲಿನ ಗೋಡೆಯ ಮೇಲಿನ ಬೋರ್ಡ್ ಇದ್ದ ಹಾಗೆ, ಇವತ್ತು ಏನಿದೆ ಅಂತ ಒಳಗೆ ಹೋಗಿ ಕೇಳಲೇಬೇಕು. ಇನ್ನೊಬ್ಬ ಪ್ರೊಫೆಸರಿಗೂ ನನಗೂ ಮೊದಲಿನಿಂದ ಆಗುತ್ತಿರಲಿಲ್ಲ. ದೊಡ್ಡ ಯೂನಿವರ್ಸಿಟಿಯಲ್ಲಾದರೆ ಬೇರೆ ಸೆಕ್ಷನ್ನಿಗೆ ಹೋಗಬಹುದು. ಇಲ್ಲಿ ಕಡ್ಡಾಯವಾದ ಮೂರು ಕೋರ್ಸಿಗೂ ಅವರೇ. ಮಧ್ಯಾಹ್ನ ಊಟದ ಹಾಲಿನಲ್ಲೂ ಅವರೇ ಸಿಗುತ್ತಾರೆ, ಸಂಜೆ ಅಂಗಡಿಯಲ್ಲಿ ಹಾಲು ತಗೊಳ್ಳುವಾಗ ಕೂಡ. ಹುಡುಗ ಹುಡುಗಿ ಜಗಳ ಮಾಡಿಕೊಂಡರೆ ಮರುದಿನ ಬೆಳಿಗ್ಗೆ ತಿಂಡಿ ಹೊತ್ತಿಗೆ ಇಡೀ ಕ್ಯಾಂಪಸ್ಸಿಗೆ ಗೊತ್ತು. ನಮ್ಮ ಬೀದಿಯ ಕಟ್ಟೆಯಲ್ಲಿ ಕೂತ ಅಜ್ಜಿಯರಿಂದ ತಪ್ಪಿಸಿಕೊಂಡು ಅಷ್ಟು ದೂರ ಹೋಗಿದ್ದೆ, ಅಲ್ಲಿ ಅಂಥ ಸಾವಿರ ಜನ ಸಿಕ್ಕರು.

ಊಟ. ಸುಮ್ನೆ ಸುಳ್ಳು ಹೇಳಲ್ಲ, ಸಸ್ಯಾಹಾರಿಗಳಿಗೆ ಕಷ್ಟ. ಎಷ್ಟು ಬೇಕಾದರೂ ತಿನ್ನಬಹುದು, ಸಲಾಡ್, ಪಿಜ್ಜಾ, ಪಾಸ್ತಾ, ಐಸ್‌ಕ್ರೀಂ ಯಾವಾಗಲೂ ಇರುತ್ತೆ. ಅನ್ನ ಮಾತ್ರ ಬೇರೆ ಬೇರೆಯಾಗಿ, ಒಳಗೆ ಗಟ್ಟಿಯಾಗಿ, ಕೈಯಲ್ಲಿ ಕಲಸಿದರೆ ತಟ್ಟೆಯಿಂದ ಹೊರಗೆ ಓಡೋ ಜಾತಿಯದು. ಬುಧವಾರ 'ಕರಿ' ಅಂತ ಒಂದು ಮಾಡುತ್ತಿದ್ದರು, ಅದರಲ್ಲಿ ಒಣದ್ರಾಕ್ಷಿ. ನಾನು ಅದೇ ಅಡುಗೆಮನೆಯಲ್ಲಿ ಪಾತ್ರೆ ತೊಳೆಯೋ ಕೆಲಸಕ್ಕೆ ಇದ್ದೆ, ಗಂಟೆಗೆ 7.25 ಡಾಲರ್, ಅದು ಅಲ್ಲಿನ ಕನಿಷ್ಠ ಕೂಲಿ. ಹಾಗಾಗಿ ಅಡುಗೆಯವರ ಪರಿಚಯ ಆಗಿ ಒಂದು ದಿನ ಒಗ್ಗರಣೆ ಹಾಕಿ ತೋರಿಸಿದೆ. ಸಾಸಿವೆ ಚಟಪಟ ಅಂದಾಗ ಹೆಡ್ ಕುಕ್ ಎರಡು ಹೆಜ್ಜೆ ಹಿಂದೆ ಹೋದರು. ಮರುವಾರದಿಂದ ದ್ರಾಕ್ಷಿ ಹೋಗಿ ಸಾಸಿವೆ ಬಂತು. ದೊಡ್ಡ ಕಡೆ ಇದೂ ಆಗುತ್ತಿರಲಿಲ್ಲ ಬಿಡಿ.

ಅಂಚೆ ಕೋಣೆ ಬಗ್ಗೆಯೂ ಒಂದು ಮಾತು. ಪ್ರತಿಯೊಬ್ಬರಿಗೂ ಹಿತ್ತಾಳೆ ಬಾಗಿಲಿನ ಒಂದು ಪುಟ್ಟ ಡಬ್ಬಿ, ನಂಬರ್ ತಿರುಗಿಸಿ ತೆಗೆಯೋದು. ಅಮ್ಮ ಕಳಿಸಿದ ಸಾರಿನ ಪುಡಿ ಪಾರ್ಸಲ್ ಒಳಗೆ ಒಡೆದು, ಇಡೀ ಅಂಚೆ ಕೋಣೆ ಒಂದು ವಾರ ಘಂ ಅನ್ನುತ್ತಿತ್ತು. ಕೌಂಟರಿನ ಹೆಂಗಸು ಬೈಯಲಿಲ್ಲ. ಅವತ್ತಿನಿಂದ ನನ್ನ ಪಾರ್ಸಲ್ ಬಂದರೆ ಮೂಸಿ ನೋಡಿಯೇ 'ನಿಂದೇ' ಅಂತ ಎತ್ತಿ ಕೊಡುತ್ತಿದ್ದರು.

ಚಳಿಗೆ ಯಾರೂ ಏನೂ ಮಾಡೋಕಾಗಲ್ಲ. 2019ರ ಜನವರಿ ಕೊನೆಯಲ್ಲಿ ಅಯೋವಾದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ಮೈನಸ್ 34 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ರೆಪ್ಪೆ ಕೂದಲು ಒಂದಕ್ಕೊಂದು ಅಂಟಿಕೊಳ್ಳುತ್ತೆ, ನಿಜವಾಗಲೂ. ಆದರೆ ನನಗೆ ಚಳಿಗಿಂತ ಜಾಸ್ತಿ ಕಷ್ಟ ಆದದ್ದು ಕತ್ತಲೆ. ಡಿಸೆಂಬರಿನಲ್ಲಿ ಐದು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿ, ಎಂಟಕ್ಕೆ ಊರಿನ ಕೊನೆಯ ಅಂಗಡಿಯೂ ಮುಚ್ಚಿ, ಬಸ್ಸು ಅನ್ನೋದೇ ಇಲ್ಲದ ಊರಿನಲ್ಲಿ ಕಾರಿಲ್ಲದೆ, ಹಾಸ್ಟೆಲಿನ ಕಿಟಕಿಯಿಂದ ಹಿಮ ಬೀಳೋದು ನೋಡುತ್ತಾ ಕೂರೋದು ಮೊದಲ ವಾರ ಚೆಂದ, ಆಮೇಲೆ ಎದೆ ಮೇಲೆ ಕಲ್ಲಿಟ್ಟ ಹಾಗೆ. ಕೌನ್ಸೆಲಿಂಗ್ ಇದೆ, ದುಡ್ಡಿಲ್ಲ, ನಾಚಿಕೆ ಪಡದೆ ಹೋಗಿ. ನಾನು ಎರಡನೇ ವರ್ಷ ಹೋದೆ, ಮೊದಲ ವರ್ಷವೇ ಹೋಗಬೇಕಿತ್ತು. ಇನ್ನು ಬೇಸಿಗೆಯಲ್ಲಿ ಗಾಳಿ ತಿರುಗಿದರೆ ಹಂದಿ ಗೊಬ್ಬರದ ವಾಸನೆ. ಅಮೆರಿಕದಲ್ಲಿ ಹಂದಿ ಸಾಕೋದರಲ್ಲಿ ಅಯೋವಾ ಒಂದನೇ ನಂಬರ್.

ಆದರೆ ಆ ಕೊಂಪೆಯಲ್ಲಿ ಇದ್ದದ್ದಕ್ಕೆ ಒಂದು ಸಂಗತಿ ನೋಡೋಕೆ ಸಿಕ್ಕಿತು. ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿ ಆರಿಸುವ ಮೊದಲ ಸುತ್ತು ಆಗ ಅಯೋವಾದಲ್ಲೇ ನಡೆಯುತ್ತಿತ್ತು. ಹಾಗಾಗಿ ಟಿವಿಯಲ್ಲಿ ನೋಡುವ ದೊಡ್ಡ ದೊಡ್ಡವರೆಲ್ಲ ನಮ್ಮಂಥ ಊರುಗಳಿಗೆ ಬಂದು ಕೈಕುಲುಕಿ ಹೋಗುತ್ತಿದ್ದರು. 2020ರ ಫೆಬ್ರವರಿ 3ರ ರಾತ್ರಿ ಡೆಮಾಕ್ರಟಿಕ್ ಪಕ್ಷದ ಕಾಕಸ್, ಅಂದರೆ ಅಭ್ಯರ್ಥಿ ಆರಿಸೋ ಸಭೆ. ನನಗೆ ಓಟಿಲ್ಲ, ನೋಡೋಕೆ ಹೋದೆ. ಬ್ಯಾಸ್ಕೆಟ್‌ಬಾಲ್ ಅಂಗಳದ ಒಂದು ಮೂಲೆಯಲ್ಲಿ ಸ್ಯಾಂಡರ್ಸ್ ಕಡೆಯವರು, ಇನ್ನೊಂದು ಮೂಲೆಯಲ್ಲಿ ವಾರೆನ್, ಮತ್ತೊಂದು ಕಡೆ ಬುಟಿಜಜ್. ಗುಟ್ಟಿನ ಮತದಾನ ಇಲ್ಲ, ಎದ್ದು ನಿಂತು ತಲೆ ಎಣಿಸೋದು, ಸ್ಕೂಲಿನಲ್ಲಿ ಖೋಖೋಗೆ ಟೀಮ್ ಮಾಡಿದ ಹಾಗೆ. ಶೇ. 15ಕ್ಕಿಂತ ಕಡಿಮೆ ಇದ್ದ ಗುಂಪಿನವರು ಬೇರೆ ಗುಂಪಿಗೆ ಹೋಗಬೇಕು, ಆಗ ಶುರುವಾಗುತ್ತೆ ನೋಡಿ ಎಳೆದಾಟ. ನನ್ನ ರೂಮ್‌ಮೇಟನ್ನು ತಮ್ಮ ಕಡೆ ಎಳೆಯೋಕೆ ನಮ್ಮ ಸ್ಪ್ಯಾನಿಷ್ ಪ್ರೊಫೆಸರ್ ಹತ್ತು ನಿಮಿಷ ವಾದ ಮಾಡಿದರು. ಇವಳು ಒಪ್ಪಲಿಲ್ಲ. ಮರುದಿನ ಇಬ್ಬರೂ ಏನೂ ಆಗಿಲ್ಲ ಅನ್ನೋ ಹಾಗೆ ಕ್ಲಾಸಿನಲ್ಲಿ. ಅಷ್ಟೆಲ್ಲ ಎಣಿಸಿದ ಮೇಲೆ ಲೆಕ್ಕ ಕಳಿಸುವ ಆ್ಯಪ್ ಕೈಕೊಟ್ಟು ರಾಜ್ಯದ ಫಲಿತಾಂಶ ದಿನಗಟ್ಟಲೆ ಬರಲಿಲ್ಲ. ಡೆಮಾಕ್ರಟಿಕ್ ಪಕ್ಷ ಆಮೇಲೆ ಅಯೋವಾಕ್ಕಿದ್ದ ಮೊದಲ ಸರದಿಯನ್ನೇ ತೆಗೆದುಹಾಕಿತು.

ದುಡ್ಡಿನ ವಿಷಯಕ್ಕೆ ಬರೋಣ, ನೆಂಟರು ಕಾಯುತ್ತಿರೋದೇ ಅದಕ್ಕೆ. ಈಗ ಇಂಥ ಹಲವು ಕಾಲೇಜುಗಳಲ್ಲಿ ಫೀಸು, ಊಟ, ರೂಮು ಸೇರಿ ವರ್ಷಕ್ಕೆ 80,000 ಡಾಲರ್ ದಾಟಿದೆ. ಗಾಬರಿಯಾಗಬೇಡಿ. ಅದು ಸೀರೆ ಅಂಗಡಿಯ ಚೀಟಿ ಮೇಲಿನ ರೇಟು, ಪೂರ್ತಿ ಕೊಡುವವರು ಕಡಿಮೆ. ನೆರವು ಕೇಳುವವರು ಹಲವು ಕಡೆ ಸಿಎಸ್‌ಎಸ್ ಪ್ರೊಫೈಲ್ ಅನ್ನೋ ಫಾರ್ಮ್ ತುಂಬಬೇಕು. ಮನೆ, ತೋಟ, ಬ್ಯಾಂಕು, ಸಾಲ, ಎಲ್ಲ ಬಿಚ್ಚಿಡಬೇಕು. ಅರಸೀಕೆರೆ ಹತ್ತಿರ ನಮಗೆ ಎರಡು ಎಕರೆ ತೆಂಗಿನ ತೋಟ ಇದೆ. ಅಪ್ಪ ರಾತ್ರಿ ಹನ್ನೊಂದಕ್ಕೆ ಪಹಣಿ ಮುಂದಿಟ್ಟುಕೊಂಡು ಕೂತು, 'ವರ್ಷದ ಆದಾಯ ಅಂತ ಕೇಳ್ತಾನಲ್ಲ, ಕೊಬ್ಬರಿ ರೇಟು ಯಾವ ತಿಂಗಳದ್ದು ಹಾಕಲಿ?' ಅಂದಿದ್ದು ಇನ್ನೂ ಕಿವಿಯಲ್ಲಿದೆ. ಒಂದು ವಿಷಯ ಗೊತ್ತಿರಲಿ: ವಿದೇಶಿ ವಿದ್ಯಾರ್ಥಿಗಳಾದರೆ, ಎಷ್ಟು ನೆರವು ಕೇಳಿದ್ದಾರೆ ಅನ್ನೋದನ್ನೂ ನೋಡಿಯೇ ಹೆಚ್ಚಿನ ಕಡೆ ಸೀಟು ಕೊಡೋದು. ಅದನ್ನು ನೋಡದೆ ಕೊಡುವವು ಬೆರಳೆಣಿಕೆಯಷ್ಟು. ಆಮರ್ಸ್ಟ್ ಕಾಲೇಜು ಹಾಗೆ, 2022ರಲ್ಲಿ ಬೋಡಿನ್ ಕೂಡ ಆ ಸಾಲಿಗೆ ಸೇರಿತು. ಅಲ್ಲಿ ಸೀಟು ಸಿಗೋದು ಎಷ್ಟು ಕಷ್ಟ ಅಂತ ನಾನು ಹೇಳಬೇಕಿಲ್ಲ.

ಕೆಲಸಕ್ಕೆ ಹೋಗುವಾಗ ಹೆಸರಿನ ಸಮಸ್ಯೆ ಇದೆ. ಇಂಟರ್‌ವ್ಯೂನಲ್ಲಿ ಕಾಲೇಜಿನ ಹೆಸರು ಹೇಳಿದರೆ 'ಎಲ್ಲಿ?' ಅನ್ನುತ್ತಾರೆ. ಬೆಂಗಳೂರಿನಲ್ಲಿ ಅಂತೂ ಕೇಳೋದೇ ಬೇಡ. ಇನ್ನೊಂದು ಯಾರೂ ಹೇಳದ ವಿಷಯ: ಓದು ಮುಗಿದ ಮೇಲೆ ಅಲ್ಲಿ ಒಂದು ವರ್ಷ ಕೆಲಸ ಮಾಡೋಕೆ ಒಪಿಟಿ ಅನ್ನೋ ಅನುಮತಿ ಸಿಗುತ್ತೆ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ವಿಷಯವಾದರೆ ಇನ್ನೂ ಎರಡು ವರ್ಷ. ಎಕನಾಮಿಕ್ಸ್ ಸ್ಟೆಮ್ಮಾ ಅಲ್ಲವಾ ಅನ್ನೋದು ಕಾಲೇಜು ಅದಕ್ಕೆ ಯಾವ ಕೋಡ್ ಕೊಟ್ಟಿದೆ ಅನ್ನೋದರ ಮೇಲೆ ನಿಂತಿದೆ. ಹಲವು ಕಾಲೇಜುಗಳು ಇಕನೊಮೆಟ್ರಿಕ್ಸ್ ಕೋಡಿಗೆ ಬದಲಾಯಿಸಿಕೊಂಡಿವೆ. ನನ್ನ ಕಾಲದಲ್ಲಿ ನಮ್ಮದು ಬದಲಾಯಿಸಿರಲಿಲ್ಲ. ಆ ಒಂದು ನಂಬರಿನಿಂದ ನನ್ನ ಎರಡು ವರ್ಷ ಹೋಯಿತು. ಸೇರುವ ಮೊದಲೇ ಕೇಳಿ.

ಕಾಲೇಜೇ ಉಳಿಯುತ್ತಾ ಅಂತಲೂ ನೋಡಿ. ತಮಾಷೆ ಅಲ್ಲ. ಅಯೋವಾ ವೆಸ್ಲಿಯನ್ 1842ರಲ್ಲಿ ಶುರುವಾದದ್ದು, 2023ರಲ್ಲಿ ಬಾಗಿಲು ಹಾಕಿತು. ನೂರಾ ಎಂಬತ್ತು ವರ್ಷ ನಿಂತದ್ದು ಒಂದು ಮಾರ್ಚಿನಲ್ಲಿ ಪ್ರಕಟಣೆ ಕೊಟ್ಟು ಮೇನಲ್ಲಿ ಮುಚ್ಚಿತು. ದತ್ತಿ ನಿಧಿ ಎಷ್ಟಿದೆ, ಪ್ರತಿ ವರ್ಷ ಸೇರುವವರು ಕಡಿಮೆಯಾಗುತ್ತಿದ್ದಾರಾ, ಇದೆಲ್ಲ ಹುಡುಕಿದರೆ ಸಿಗುತ್ತೆ.

ಎಲ್ಲ ಸಣ್ಣ ಕಾಲೇಜೂ ಒಂದೇ ಅಂತಲೂ ಅಂದುಕೊಳ್ಳಬೇಡಿ. ಅಯೋವಾದ ಮೌಂಟ್ ವರ್ನನ್‌ನ ಕಾರ್ನೆಲ್ ಕಾಲೇಜಿನಲ್ಲಿ 1978ರಿಂದ ಒಂದು ಸಲಕ್ಕೆ ಒಂದೇ ಕೋರ್ಸ್, ಮೂರೂವರೆ ವಾರದಲ್ಲಿ ಮುಗಿಸಿ ಮುಂದಿನದು. (ನ್ಯೂಯಾರ್ಕ್‌ನ ಕಾರ್ನೆಲ್ ಯೂನಿವರ್ಸಿಟಿ ಬೇರೆ, ಮದುವೆ ಮನೆಯಲ್ಲಿ ಇದನ್ನು ಬಿಡಿಸಿ ಹೇಳೋದು ನಿಮ್ಮ ಇಷ್ಟ.) ಕಾರ್ಲ್‌ಟನ್‌ನಲ್ಲಿ ಹತ್ತು ವಾರದ ಮೂರು ಟರ್ಮ್. ನನ್ನಂಥ ನಿಧಾನದವಳಿಗೆ ಮೂರೂವರೆ ವಾರದಲ್ಲಿ ಸ್ಟಾಟಿಸ್ಟಿಕ್ಸ್ ಅಂದರೆ ಜ್ವರ ಬರುತ್ತೆ, ನಿಮ್ಮ ಹುಡುಗನಿಗೆ ಅದೇ ಹಿಡಿಸಬಹುದು.

2020ರ ಮಾರ್ಚಿನಲ್ಲಿ ಒಂದು ವಾರದೊಳಗೆ ಖಾಲಿ ಮಾಡಿ ಅಂದರು. ಎರಡು ಸೂಟ್‌ಕೇಸ್ ಹಿಡಿದು ಬಂದೆ. ಉಳಿದ ಪುಸ್ತಕಗಳನ್ನು ಡಬ್ಬಕ್ಕೆ ತುಂಬಿ ಕಳಿಸಿಕೊಟ್ಟಿದ್ದು ಅಂಚೆ ಕೋಣೆಯ ಅದೇ ಹೆಂಗಸು. ಕೊನೆಯ ಎರಡು ತಿಂಗಳ ಕ್ಲಾಸು ಹಾಸನದ ಮನೆಯ ಮಹಡಿಯಲ್ಲಿ, ರಾತ್ರಿ ಹನ್ನೊಂದರ ಮೇಲೆ, ಕರೆಂಟು ಹೋದರೆ ಮೊಬೈಲಿನಲ್ಲಿ. ಪರದೆ ಮೇಲೂ ಹನ್ನೆರಡೇ ಮುಖ, ಅಲ್ಲೂ ಹಿಂದಿನ ಬೆಂಚಿಲ್ಲ. ಲಾಕ್‌ಡೌನ್ ಸಡಿಲವಾದ ಮೇಲೆ ಗೊರೂರಿಗೆ ಹೋಗಿ ಒಂದು ಬಂಡೆಯ ಫೋಟೋ ತೆಗೆದು ಜಿಯಾಲಜಿ ಪ್ರೊಫೆಸರಿಗೆ ಕಳಿಸಿದೆ. ಪಕ್ಕದಲ್ಲಿ ಅಳತೆಗೆ ಅಂತ ಐದು ರೂಪಾಯಿ ನಾಣ್ಯ ಇಟ್ಟಿದ್ದೆ. ಉತ್ತರ ಬಂದದ್ದು ನಾಲ್ಕು ಗಂಟೆಯಲ್ಲಿ: ಫೋಟೋ ಮಸುಕಾಗಿದೆ, ಪಟ್ಟೆಗಳು ಯಾವ ದಿಕ್ಕಿಗಿವೆ ಅಂತ ಬರೆದಿಲ್ಲ, ಮತ್ತೆ ಹೋಗಿ ನೋಡು.

ಸೇರುವ ಆಸೆ ಇದ್ದರೆ ಒಂದು ಕೆಲಸ ಮಾಡಿ. ನಿಮಗೆ ಬೇಕಾದ ವಿಷಯದ ಪ್ರೊಫೆಸರೊಬ್ಬರಿಗೆ ಅಪ್ಲಿಕೇಶನ್ ಹಾಕುವ ಮೊದಲೇ ಒಂದು ಮೇಲ್ ಬರೆಯಿರಿ, ನಿಜವಾಗಲೂ ನಿಮಗಿರುವ ಒಂದು ಪ್ರಶ್ನೆ ಕೇಳಿ. ರಜೆ ದಿನ ಬಿಟ್ಟು ಒಂದೆರಡು ವಾರ ಕಾಯಿರಿ. ನನಗೆ ಎರಡು ದಿನದಲ್ಲಿ ಬಂದಿತ್ತು, ಉತ್ತರದ ಜೊತೆಗೆ ನನಗೇ ಮೂರು ಪ್ರಶ್ನೆ. ಏನೂ ಬರಲಿಲ್ಲ, ಅಥವಾ ಅಡ್ಮಿಷನ್ ಆಫೀಸಿನಿಂದ ಬಣ್ಣದ ಬ್ರೋಷರ್ ಮಾತ್ರ ಬಂತು ಅಂದರೆ, ಅಷ್ಟು ದುಡ್ಡು ಕೊಟ್ಟು ಅಷ್ಟು ಸಣ್ಣ ಊರಿಗೆ ಹೋಗಬೇಡಿ.